ಕಾನೂನು ತೆರೆದಿಟ್ಟ ಬಾಗಿಲು

ನವೆಂಬರ್ 9ರಂದು ನಾವು ರೋಮಿನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತೇವೆ. ಕಲ್ಲು-ಗಾರೆಯ ಕಟ್ಟಡವೊಂದಕ್ಕಾಗಿ ಇಡೀ ಧರ್ಮಸಭೆ ಹಬ್ಬ ಮಾಡುವುದೇಕೆ? ಆ ಗೋಡೆಗಳ ನಡುವೆ ನಮ್ಮ ಹಿರಿಯರ ವಿಶ್ವಾಸದ ನೆನಪು ಉಳಿದಿರುವುದರಿಂದ. ಇಂತಹ ಹಳೆಯ ದೇವಾಲಯಗಳನ್ನು ಕಾಯಬೇಕಾದವರು ಯಾರು, ಸರ್ಕಾರದ ಕಾನೂನೋ ಅಥವಾ ನಾವೋ? ಇಂಗ್ಲೆಂಡಿನ ಇತಿಹಾಸದಲ್ಲಿ ಇದಕ್ಕೊಂದು ಪಾಠವಿದೆ.

ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಮೊದಲ ಕಾಯಿದೆ ಬಂದದ್ದು 1882ರಲ್ಲಿ. ಅದು ಹಲ್ಲು ಕಿತ್ತ ಹಾವಿನಂತಿತ್ತು. ಸ್ಮಾರಕವನ್ನು ಸರ್ಕಾರದ ಪಾಲನೆಗೆ ಒಪ್ಪಿಸದ ಮಾಲೀಕನು ತಾನೇ ಅದನ್ನು ಕೆಡವಿದರೆ ಶಿಕ್ಷೆಯಿರಲಿಲ್ಲ. ಇನ್ನೂ ಬಿಗಿಯಾದ ಕಾಯಿದೆ 1913ರಲ್ಲಿ ಬಂತು. ಆಗ ಆಂಗ್ಲಿಕನ್ ಸಭೆಯ ಕ್ಯಾಂಟರ್ಬರಿ ಮಹಾಧರ್ಮಾಧ್ಯಕ್ಷ ರ‍್ಯಾಂಡಲ್ ಡೇವಿಡ್ಸನ್ ಅವರು, ತಮ್ಮ ದೇವಾಲಯಗಳನ್ನು ಸಭೆಯೇ ಜೋಪಾನ ಮಾಡುವುದೆಂದು ಭರವಸೆ ಕೊಟ್ಟರು. ಆರಾಧನೆಗೆ ಬಳಕೆಯಲ್ಲಿರುವ ದೇವಾಲಯಗಳನ್ನು ಸಂಸತ್ತು ಕಾಯಿದೆಯಿಂದ ಹೊರಗಿಟ್ಟಿತು. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಆ ಸಭೆ ಧರ್ಮಪ್ರಾಂತ್ಯಗಳಲ್ಲಿ ಸಲಹಾ ಸಮಿತಿಗಳನ್ನು ರಚಿಸಿತು.

ಆದರೆ ತೆರೆದ ಬಾಗಿಲಿನಿಂದ ಯಾರು ಬೇಕಾದರೂ ನುಸುಳಬಹುದಲ್ಲವೇ? ಬೆಡ್‌ಫರ್ಡ್ ಪಟ್ಟಣದಲ್ಲಿ ಹೋವರ್ಡ್ ದೇವಾಲಯದ ಟ್ರಸ್ಟಿಗಳು, ಈ ವಿನಾಯಿತಿಯ ಆಸರೆಯಿಂದಲೇ ತಮ್ಮ ದೇವಾಲಯವನ್ನು ಪೂರ್ತಿ ಕೆಡವಲು ಹೊರಟರು. 1975ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ. ವಿನಾಯಿತಿ ಇರುವುದು ಆರಾಧನೆ ನಡೆಯುವ ದೇವಾಲಯಕ್ಕೆ. ಪೂರ್ತಿ ಕೆಡವುತ್ತಿರುವ ಕಟ್ಟಡದಲ್ಲಿ ಆರಾಧನೆಯಾದರೂ ಎಲ್ಲಿಯದು? ಇದೇ ಅವರ ತೀರ್ಪಿನ ತಿರುಳು. 1994ರಲ್ಲಿ ಸರ್ಕಾರ ಈ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು. ತಮ್ಮಲ್ಲೇ ಸರಿಯಾದ ಪರಿಶೀಲನಾ ವ್ಯವಸ್ಥೆ ಇಟ್ಟುಕೊಂಡ ಸಭೆಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಕಥೋಲಿಕ ಧರ್ಮಸಭೆಯೂ ಅವುಗಳಲ್ಲೊಂದು.

ನಮ್ಮ ದೇಶದ ಸಂಗತಿ ಬೇರೆ. ಹಳೆ ಗೋವಾದ ಬೊಮ್ ಜೀಸಸ್ ಮಹಾದೇವಾಲಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ 1958ರ ಕೇಂದ್ರ ಕಾಯಿದೆಯಾಗಲಿ, 1961ರ ಕರ್ನಾಟಕದ ಕಾಯಿದೆಯಾಗಲಿ ಕಾಯುವುದು ಸರ್ಕಾರ ಘೋಷಿಸಿದ ಸ್ಮಾರಕಗಳನ್ನು ಮಾತ್ರ. ಪಟ್ಟಿಯಲ್ಲಿ ಹೆಸರಿಲ್ಲದ ದೇವಾಲಯಕ್ಕೆ ನೂರೈವತ್ತು ವರ್ಷ ತುಂಬಿದ್ದರೂ ಈ ಕಾಯಿದೆಗಳು ಅದರ ನೆರವಿಗೆ ಬಾರವು. ನಮ್ಮ ಬಹುಪಾಲು ಧರ್ಮಕೇಂದ್ರಗಳ ಸ್ಥಿತಿ ಇದೇ.

ಹಾಗೆಂದು ನಮ್ಮನ್ನು ಕೇಳುವವರೇ ಇಲ್ಲವೆಂದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1189ನೇ ವಿಧಿಯ ಪ್ರಕಾರ, ಹಳಮೆಯಿಂದಲೋ ಕಲೆಯಿಂದಲೋ ಅಮೂಲ್ಯವಾದ ಸ್ವರೂಪಗಳನ್ನು ದುರಸ್ತಿ ಮಾಡಲೂ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಬೇಕು. ಅನುಮತಿ ಕೊಡುವ ಮುನ್ನ ಅವರು ತಜ್ಞರ ಅಭಿಪ್ರಾಯ ಪಡೆಯಬೇಕು. ಅಂತಹ ವಸ್ತುಗಳನ್ನು ಪರಭಾರೆ ಮಾಡಲು ರೋಮಿನ ಒಪ್ಪಿಗೆಯೇ ಅಗತ್ಯ.

ಆದರೂ ಹಬ್ಬ ಹತ್ತಿರ ಬಂತೆಂದು ಮರದ ಹಳೆಯ ಪೀಠವನ್ನು ಕಿತ್ತು ಟೈಲ್ಸ್ ಹಾಕಿಸುತ್ತೇವೆ. ಹಿರಿಯರು ಕೈಮುಗಿದ ಸ್ವರೂಪಕ್ಕೆ ಪೇಂಟ್ ಬಳಿಯುತ್ತೇವೆ. ಗುರುಗಳಾದ ನಾವೂ ಈ ತಪ್ಪಿನಿಂದ ಹೊರತಲ್ಲ. ಯಾವ ಕಾಯಿದೆಯೂ ತಡೆಯಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಸಮರ್ಥನೆಯಾದೀತು. ದೇವರ ಮುಂದೆ ಆಗದು.

ಪ್ರಿಯರೇ, ಕೆಡವುವ ಮುನ್ನ ಧರ್ಮಾಧ್ಯಕ್ಷರನ್ನು ಕೇಳೋಣ, ತಿಳಿದವರನ್ನು ಕರೆಸೋಣ, ಇರುವುದನ್ನು ಪಟ್ಟಿ ಮಾಡಿಡೋಣ. ಬೇರೊಬ್ಬರು ಹಾಕಿದ ಅಡಿಪಾಯದ ಮೇಲೆ ಕಟ್ಟುವವನು ಎಚ್ಚರದಿಂದ ಕಟ್ಟಲಿ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಕೆಡವುವವನಿಗಂತೂ ಆ ಎಚ್ಚರ ಇಮ್ಮಡಿಯಾಗಿರಲಿ.