ಸೋತ ಅರ್ಜಿಗಳು ಗೆದ್ದುಕೊಟ್ಟ ಹಕ್ಕುಗಳು

ಸಂವಿಧಾನದ 21ನೇ ವಿಧಿ ಒಂದೇ ವಾಕ್ಯದ್ದು. ಕಾನೂನು ಗೊತ್ತುಪಡಿಸಿದ ಕ್ರಮದಲ್ಲಲ್ಲದೆ ಯಾರ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯಬಾರದು ಎಂಬುದಷ್ಟೇ ಅದರ ಸಾರ. ಇಂದು ಖಾಸಗಿತನವೂ ಅದರೊಳಗೆ ಸೇರಿದೆ. ಮೂಲಭೂತ ಹಕ್ಕುಗಳ ಈ ಬೆಳವಣಿಗೆಯಲ್ಲಿ ಕನ್ನಡದ ನೆಲದಿಂದ ಹೋದ ಮೊಕದ್ದಮೆಗಳ ಪಾಲು ದೊಡ್ಡದು. ಅವುಗಳಲ್ಲಿ ಕೆಲವು ಅರ್ಜಿದಾರರು ಸೋತ ಮೊಕದ್ದಮೆಗಳು.

ಆ ವಾಕ್ಯದ ರಚನೆಯಲ್ಲೇ ಅಮೆರಿಕದ ಅನುಭವ ಸೇರಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅಲ್ಲಿಗೆ ಹೋಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರಾಸೆಸ್’ (ನ್ಯಾಯಯುತ ಕ್ರಮ) ಎಂಬ ಮಾತನ್ನು ಹಿಡಿದು ಅಲ್ಲಿನ ಕೋರ್ಟು, ಬೇಕರಿ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಸೀಮಿತಗೊಳಿಸಿದ್ದ ನ್ಯೂಯಾರ್ಕ್ ಕಾನೂನನ್ನು 1905ರಲ್ಲಿ ರದ್ದು ಮಾಡಿತ್ತು. ನ್ಯಾಯಾಧೀಶರ ಕೈಗೆ ಅಷ್ಟು ಅಧಿಕಾರ ಬೇಡವೆಂಬುದು ಫ್ರಾಂಕ್‌ಫರ್ಟರ್ ನಿಲುವು. ಆ ಮಾತು ನಮ್ಮ ಕರಡಿನಿಂದ ಹೊರಬಿತ್ತು. ಹೀಗಾಗಿ 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ಶಾಸನವೊಂದಿದ್ದರೆ ಸಾಕು, ಅದು ನ್ಯಾಯವೇ ಎಂದು ಕೇಳುವಂತಿಲ್ಲ ಎಂದಾಯಿತು.

ಮುಂದಿನ ತಿರುವು ಕಾಸರಗೋಡಿನ ಎಡನೀರು ಮಠದ್ದು. ಕೇರಳದ ಭೂಸುಧಾರಣೆಯ ವಿರುದ್ಧ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಭೂಸುಧಾರಣೆ ಮಾತ್ರ ನಿಲ್ಲಲಿಲ್ಲ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹವನ್ನು ಕಂಡ ನಮ್ಮ ಶಿವಮೊಗ್ಗ ಜಿಲ್ಲೆಗೆ ಅದು ನಿಲ್ಲದಿದ್ದದ್ದೂ ನ್ಯಾಯವೇ. ಬಹುಮತದಲ್ಲಿದ್ದ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, ಜೊತೆಗೆ ಶೆಲಟ್, ಗ್ರೋವರ್ ಅವರನ್ನು ಬದಿಗೊತ್ತಿ ಸರ್ಕಾರ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ತುರ್ತುಪರಿಸ್ಥಿತಿ ಬಂದಾಗ ಕಣ ಬೆಂಗಳೂರಿಗೆ ಸರಿಯಿತು. 1975ರ ಜೂನ್ 26ರಂದು ಅಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಹೈಕೋರ್ಟಿನಲ್ಲಿ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವರ ಪರ ನಿಂತ ವಕೀಲರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಎಂ. ರಾಮಾ ಜೋಯಿಸರೂ ಇದ್ದರು; ಕೊನೆಗೆ ಅವರೂ ಸೆರೆಮನೆ ಕಂಡರು. ಅರ್ಜಿಗಳು ವಿಚಾರಣೆಗೆ ಅರ್ಹ ಎಂದ ಪೀಠದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದ ಸ್ವಾಮಿ ಗುವಾಹಟಿಗೆ ವರ್ಗವಾದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4–1ರಿಂದ ಬಂಧಿತರಿಗೆ ಕೋರ್ಟಿನ ಬಾಗಿಲು ಮುಚ್ಚಿತು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಅಮೆರಿಕದಲ್ಲಿ ವರ್ಣಭೇದವನ್ನು ಎತ್ತಿಹಿಡಿದ 1896ರ ತೀರ್ಪಿಗೂ ನ್ಯಾಯಮೂರ್ತಿ ಹಾರ್ಲನ್ ಒಬ್ಬರದೇ ವಿರೋಧವಿತ್ತು. ಶಾಲೆಗಳಲ್ಲಿ ಆ ಭೇದ ಸಲ್ಲದೆಂಬ ತೀರ್ಪಿಗೆ 1954ರ ತನಕ ಕಾಯಬೇಕಾಯಿತು.

ನಾವು ಕಾದದ್ದು 41 ವರ್ಷ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದರು. 1976ರ ತೀರ್ಪನ್ನೂ ಅಳಿಸಿಹಾಕಿದರು. ಮರುವರ್ಷ ಆಧಾರ್ ಬಹುಪಾಲು ಉಳಿಯಿತು, ಹಕ್ಕೂ ಉಳಿಯಿತು.

ಶಿಕ್ಷಣದ ವಿಷಯದಲ್ಲಿ ನಾವು ಅಮೆರಿಕವನ್ನು ಮೀರಿ ನಡೆದೆವು. ಶಿಕ್ಷಣ ತಮ್ಮ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಇಲ್ಲಿ ಮೋಹಿನಿ ಜೈನ್, ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳು ಹೊರರಾಜ್ಯದವರಿಂದ ವರ್ಷಕ್ಕೆ 60,000 ರೂಪಾಯಿ ವಸೂಲು ಮಾಡಲು ಕೊಟ್ಟ ಅನುಮತಿಯನ್ನು ಪ್ರಶ್ನಿಸಿ 1992ರಲ್ಲಿ ಗೆದ್ದರು. ಮರುವರ್ಷ ಶಿಕ್ಷಣದ ಹಕ್ಕು 14 ವರ್ಷದವರೆಗೆ ಎಂದು ಖಚಿತವಾಯಿತು. 2002ರಲ್ಲಿ 21ಎ ವಿಧಿಯಾಗಿ ಸಂವಿಧಾನ ಸೇರಿತು.

ಆದರೆ ಕೋರ್ಟಿನ ಮೆಟ್ಟಿಲು ಹತ್ತುವುದು ಇಂದಿಗೂ ಸುಲಭವಲ್ಲ. ಶಿವಮೊಗ್ಗ ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿನ ರವೀಂದ್ರನಗರ ಬಡಾವಣೆಯವರ ರಿಟ್ ಅರ್ಜಿ ಬೆಂಗಳೂರಿಗೇ ಹೋಗಬೇಕು. ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ ಎಷ್ಟೋ ಮಂದಿಯನ್ನು ಹಿಂದೆ ಸರಿಸುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ನೆರವಿದೆ. ಅದು ಜಿಲ್ಲೆಯ ಮನೆಮನೆಗೂ ತಿಳಿಯಬೇಕು. ಸೋಲಿನ ಭಯಕ್ಕೆ ಅರ್ಜಿಯೇ ಬಾರದಿದ್ದರೆ ಖನ್ನಾ ಅವರಂಥವರಿಗೆ ಭಿನ್ನಮತ ಬರೆಯುವ ಸಂದರ್ಭವೇ ಒದಗದು, ಮುಂದಿನ ಪೀಠಕ್ಕೆ ತಿದ್ದಲು ತೀರ್ಪೂ ಇರದು.