ಕುಲುಮೆಯೂರಿನ ಹಾಡು, ಮೈಸೂರಿನ ಬ್ಯಾಂಡು: ಕನ್ನಡದ ಸ್ವತಂತ್ರ ರಾಕ್ ಸಂಗೀತಕ್ಕೊಂದು ಶಿವಮೊಗ್ಗ–ಭದ್ರಾವತಿ ಪೀಠಿಕೆ

ಕನ್ನಡದ ಸ್ವತಂತ್ರ ಬ್ಯಾಂಡುಗಳ ಚರಿತ್ರೆಯನ್ನು ಬೆಂಗಳೂರಿನ ಪಬ್ಬು, ಕಾಲೇಜು ಉತ್ಸವಗಳಿಂದ ಆರಂಭಿಸುವುದು ರೂಢಿ. ಈ ಲೇಖನ ಶಿವಮೊಗ್ಗ–ಭದ್ರಾವತಿಯ ಕಡೆಯಿಂದ ಹೊರಡುತ್ತದೆ. ರಘು ದೀಕ್ಷಿತ್ ಅವರ ಬ್ಯಾಂಡಿನ ನಡೆಯನ್ನು ಅರಿಯಲು ಅಮೆರಿಕದ ರಾಕ್ ಬ್ಯಾಂಡಿಗಿಂತ ಶಿವಮೊಗ್ಗ ಸುಬ್ಬಣ್ಣನವರ ಗಾಯಕ ಮಾದರಿಯೇ ಹೆಚ್ಚು ನೆರವಾಗುತ್ತದೆ ಎಂಬುದು ಇಲ್ಲಿಯ ವಾದ.

ಅಮೆರಿಕದ ಮಾದರಿಗೆ ಅಂಕಲ್ ಟುಪೆಲೊ ಬ್ಯಾಂಡನ್ನು ನೋಡಬಹುದು. ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಜೇ ಫರಾರ್, ಜೆಫ್ ಟ್ವೀಡಿ ಮತ್ತು ಮೈಕ್ ಹೈಡಾರ್ನ್ 1987ರಲ್ಲಿ ಕಟ್ಟಿದ ಬ್ಯಾಂಡು ಅದು. 'ಆಲ್ಟ್-ಕಂಟ್ರಿ' ಪ್ರಕಾರದ ಮಾತು ಬಂದಾಗ ಮೊದಲು ಕೇಳಿಬರುವ ಹೆಸರೂ ಅದೇ. 1990ರ ಮೊದಲ ಆಲ್ಬಮ್ 'ನೋ ಡಿಪ್ರೆಶನ್' ತನ್ನ ಹೆಸರನ್ನು ಕಾರ್ಟರ್ ಫ್ಯಾಮಿಲಿ 1936ರಲ್ಲಿ ಧ್ವನಿಮುದ್ರಿಸಿದ್ದ ಹಾಡಿನಿಂದ ಪಡೆಯಿತು. ಅದರ ಎರಡು ಹಾಡುಗಳ ಶೀರ್ಷಿಕೆಯಲ್ಲೇ ಕಾರ್ಖಾನೆಯೂ ರಾತ್ರಿ ಪಾಳಿಯೂ ಇವೆ. 1994ರಲ್ಲಿ ಬ್ಯಾಂಡು ಒಡೆದಾಗ ಫರಾರ್ 'ಸನ್ ವೋಲ್ಟ್' ಕಟ್ಟಿದರು, ಟ್ವೀಡಿ 'ವಿಲ್ಕೊ' ಕಟ್ಟಿದರು. ಒಂದು ಬ್ಯಾಂಡು ಎರಡಾಯಿತು.

ರಾತ್ರಿ ಪಾಳಿಯೆಂದರೇನೆಂದು ಭದ್ರಾವತಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕುಲುಮೆ, ಕಾಲೊನಿ, ಹತ್ತೂರಿನಿಂದ ಬಂದ ಕಾರ್ಮಿಕರು, ಸುತ್ತ ಜಾನಪದ ತುಂಬಿದ ಹಳ್ಳಿಗಳು. ಬೆಲ್‌ವಿಲ್‌ಗೆ ಇದ್ದದ್ದೆಲ್ಲ ಇಲ್ಲಿಯೂ ಇತ್ತು ಎನ್ನಬಹುದು. ಆದರೆ ಗಣಪತಿ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಗಿಟಾರು, ಕೀಬೋರ್ಡು, ಡ್ರಮ್ಸ್ ಕೇಳಿಸಿದ್ದು ಆರ್ಕೆಸ್ಟ್ರಾದ ಮೂಲಕ. ಆರ್ಕೆಸ್ಟ್ರಾ ಕಲಾವಿದನ ಹೆಚ್ಚುಗಾರಿಕೆ ಸಿನಿಮಾ ಹಾಡನ್ನು ರೆಕಾರ್ಡಿನಲ್ಲಿದ್ದ ಹಾಗೇ ನುಡಿಸುವುದರಲ್ಲಿದೆ. ಅದು ಸಣ್ಣ ಕಸುಬಲ್ಲ. ಆದರೆ ಸ್ವಂತ ಹಾಡಿಗೆ ಅಲ್ಲಿ ಚಪ್ಪಾಳೆ ಬೀಳುವುದಿಲ್ಲ.

ಸ್ವಂತ ಹಾಡಿಗೆ ಬೇರೊಂದು ಬಾಗಿಲಿತ್ತು: ಆಕಾಶವಾಣಿ. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ ಮಲೆನಾಡಿನ ಮನೆಗಳಿಗೆ ಭಾವಗೀತೆಯನ್ನು ತಲುಪಿಸಿತು. ಕವಿತೆಗಂತೂ ಈ ಜಿಲ್ಲೆಯಲ್ಲಿ ಬರವಿರಲಿಲ್ಲ. ಕುವೆಂಪು ಕುಪ್ಪಳಿಯವರು, ಜಿ.ಎಸ್. ಶಿವರುದ್ರಪ್ಪ ಶಿಕಾರಿಪುರ ತಾಲ್ಲೂಕಿನವರು. ಕೆ.ಎಸ್. ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಕ್ಯಾಸೆಟ್ ಆಯಿತು. ಗಮನಿಸಬೇಕಾದ ವ್ಯತ್ಯಾಸವೊಂದಿದೆ. ರಾಕ್ ಬ್ಯಾಂಡಿನಲ್ಲಿ ಬರೆಯುವವನು, ರಾಗ ಹಾಕುವವನು, ಹಾಡುವವನು ಬಹುಮಟ್ಟಿಗೆ ಒಂದೇ ಗುಂಪಿನವರು. ಸುಗಮ ಸಂಗೀತದಲ್ಲಿ ಈ ಮೂವರು ಬೇರೆ ಬೇರೆ, ಮುಖವಾಗಿ ನಿಲ್ಲುವವನು ಗಾಯಕ.

ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿ, ಕಾನೂನು ಓದಿ, 2022ರ ಆಗಸ್ಟಿನಲ್ಲಿ ತೀರಿಕೊಂಡ ಶಿವಮೊಗ್ಗ ಸುಬ್ಬಣ್ಣ ಈ ಮಾದರಿಯ ಶಿಖರ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಗಾಯನಕ್ಕೆ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. (ಕನ್ನಡ ಚಿತ್ರದ ಹಾಡಿಗೆ ಬಂದ ಮೊದಲ ಗಾಯನ ಪ್ರಶಸ್ತಿ ಎಂದು ಕೆಲವರು ಬರೆಯುವುದು ಸರಿಯಲ್ಲ, 'ಹಂಸಗೀತೆ'ಗಾಗಿ ಎಂ. ಬಾಲಮುರಳಿಕೃಷ್ಣ ಅದಕ್ಕೂ ಮೊದಲೇ ಪಡೆದಿದ್ದರು.) ಬರಹ, ಸಂಗೀತ, ನಿರ್ದೇಶನ ಮೂರೂ ಕಂಬಾರರವು, ಬೆಳಗಾವಿ ಸೀಮೆಯ ಜಾನಪದ ಲಯಕ್ಕೆ ಮಲೆನಾಡಿನ ಕಂಠ ಕೂಡಿತು. ಹಳ್ಳಿಯ ಧಾಟಿಯನ್ನು ಹೊಸ ಕಾಲದ ಮಾಧ್ಯಮದಲ್ಲಿ, ಹೊಸ ಅಧಿಕಾರದಿಂದ ಹಾಡುವುದು ಆಲ್ಟ್-ಕಂಟ್ರಿಯ ಜೀವಾಳವಾದರೆ, ಕನ್ನಡದಲ್ಲಿ ಅದು ವಿದ್ಯುತ್ ಗಿಟಾರಿಗಿಂತ ಮೊದಲೇ ಆಗಿತ್ತು. ಸುಬ್ಬಣ್ಣ, ಸಿ. ಅಶ್ವತ್ಥ್ ಇಬ್ಬರೂ ಶಿಶುನಾಳ ಶರೀಫರ ತತ್ತ್ವಪದಗಳನ್ನು ಭಜನೆಯ ಕಟ್ಟೆಯಿಂದ ಕ್ಯಾಸೆಟ್ಟಿಗೂ ತೆರೆಗೂ ತಂದರು.

ಅದೇ ಶರೀಫರು ಮತ್ತೆ ಕಾಣಿಸಿದ್ದು ಮೈಸೂರಿನ ಬ್ಯಾಂಡಿನಲ್ಲಿ. ಸೂಕ್ಷ್ಮಜೀವಿ ವಿಜ್ಞಾನ ಓದಿದ, ಭರತನಾಟ್ಯ ಬಲ್ಲ ರಘು ದೀಕ್ಷಿತ್ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆ 'ಅಂತರಾಗ್ನಿ' ಕಟ್ಟಿದರು. ಅದು ಚದುರಿದ ಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಉಳಿಯಿತು. ಕಂಪನಿಗಳು ಬೇಡವೆಂದ ಆಲ್ಬಮ್ಮನ್ನು ವಿಶಾಲ್–ಶೇಖರ್ 2008ರಲ್ಲಿ ಹೊರತಂದರು. ಅದರಲ್ಲಿ ಶರೀಫರ 'ಸೋರುತಿಹುದು ಮನೆಯ ಮಾಳಿಗಿ', 'ಗುಡುಗುಡಿಯ ಸೇದಿ ನೋಡೋ' ಇವೆ. ಅದೇ ವರ್ಷ 'ಸೈಕೋ', 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ' ಚಿತ್ರಗಳಿಗೆ ಸಂಗೀತ. ಅದೇ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ. ಲುಂಗಿ, ಗೆಜ್ಜೆ ತೊಟ್ಟ ವೇದಿಕೆಯ ಚಿತ್ರ ಎಲ್ಲರಿಗೂ ಗೊತ್ತು.

ಈ ಬ್ಯಾಂಡು ಒಡೆದು ಎರಡಾಗಲಿಲ್ಲ. ವಾದ್ಯಗಾರರು ಬದಲಾದರು, ಗಾಯಕನ ಹೆಸರು ನಿಂತಿತು. ಹಳೆಯ ಪದ, ಹೆಸರಾದ ಕಂಠ, ಬೆನ್ನಿಗೆ ಸಿನಿಮಾ. ಸುಬ್ಬಣ್ಣನವರ ಕಾಲದಲ್ಲಿ ಕನ್ನಡ ಶ್ರೋತೃ ಒಪ್ಪಿಕೊಂಡಿದ್ದ ವ್ಯವಸ್ಥೆಯೇ ಇದು, ಧ್ವನಿವರ್ಧಕ ಮಾತ್ರ ದೊಡ್ಡದು. ನೇರ ಪ್ರಭಾವವನ್ನು ನಾನು ಆರೋಪಿಸುತ್ತಿಲ್ಲ. ಕೇಳುಗರ ಕಿವಿ ಹಾಗೆ ಪಳಗಿತ್ತು ಎಂಬುದಷ್ಟೇ ನನ್ನ ಮಾತು.

ಈ ವಾದಕ್ಕೆ ಎದುರುತ್ತರವೂ ಮೈಸೂರಿನಲ್ಲೇ ಇದೆ. ರಘು ಅವರ ಸಹೋದರ ವಾಸು ದೀಕ್ಷಿತ್ ಕಟ್ಟಿದ 'ಸ್ವರಾತ್ಮ' ಬ್ಯಾಂಡಾಗಿಯೇ ಉಳಿಯಿತು. ಅಲ್ಲಿ ಯಾರೊಬ್ಬರ ಹೆಸರೂ ಫಲಕದ ಮೇಲಿಲ್ಲ. 2009ರ ಮೊದಲ ಆಲ್ಬಮ್, 2012ರ 'ಟೋಪಿವಾಲೆ' ಎರಡರಲ್ಲೂ ಕನ್ನಡದ ಜೊತೆಗೆ ಹಿಂದಿ ಪ್ರಧಾನವಾಗಿದೆ. ಬ್ಯಾಂಡೆಂಬ ರೂಪವನ್ನು ಉಳಿಸಿಕೊಳ್ಳಲು ಸ್ವರಾತ್ಮ ಕನ್ನಡದಾಚೆಯ ಕೇಳುಗರನ್ನೂ ಹುಡುಕಬೇಕಾಯಿತು.