ಪ್ರಾರ್ಥನೆಗೆ ಒಪ್ಪಿಗೆ ಯಾರದು? ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಅಧಿಕೃತ ಆರಾಧನಾಕ್ರಮ ಮತ್ತು ವೈವಿಧ್ಯ

ಆಂಗ್ಲಿಕನ್ ಸಭೆಯ ಆರಾಧನೆಯ ಚರಿತ್ರೆಯನ್ನು ಏಕರೂಪತೆಗೂ ವೈವಿಧ್ಯಕ್ಕೂ ನಡೆದ ಹೋರಾಟ ಎಂದು ಓದುವುದು ಸುಲಭ. ಆದರೆ ದಾಖಲೆಗಳು ಅಷ್ಟು ಸರಳವಾದ ಕಥೆಯನ್ನು ಹೇಳುವುದಿಲ್ಲ. ಅಧಿಕೃತವೆನಿಸಿದ ಕ್ರಮ ಮೊದಲಿನಿಂದಲೂ ತನ್ನ ಹೊಟ್ಟೆಯೊಳಗೇ ಭಿನ್ನತೆಯನ್ನು ಇಟ್ಟುಕೊಂಡಿತ್ತು. ನಿಜವಾದ ಜಗಳ ಒಪ್ಪಿಗೆ ಕೊಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದರ ಮೇಲೆ ನಡೆಯಿತು. ಆ ಅಧಿಕಾರದಲ್ಲಿ ಆರಾಧಿಸುವ ಜನರಿಗೂ ಪಾಲು ಸಿಕ್ಕ ಕಡೆ ಕ್ರಮ ನಿಂತಿತು, ಸಿಗದ ಕಡೆ ಕಾನೂನು ಕಾಗದದಲ್ಲೇ ಉಳಿಯಿತು ಎಂಬುದು ಈ ಲೇಖನದ ವಾದ.

1549ರ ಮೊದಲ ಸಾಮಾನ್ಯ ಪ್ರಾರ್ಥನಾ ಪುಸ್ತಕದ ಮುನ್ನುಡಿ ಸಾಲ್ಸ್‌ಬರಿ, ಹೆರೆಫರ್ಡ್, ಬ್ಯಾಂಗರ್, ಯಾರ್ಕ್ ಮತ್ತು ಲಿಂಕನ್‌ಗಳ ಬೇರೆ ಬೇರೆ ಪದ್ಧತಿಗಳನ್ನು ಹೆಸರಿಸಿ, ಇನ್ನು ಮುಂದೆ ರಾಜ್ಯಕ್ಕೆಲ್ಲ ಒಂದೇ ಪದ್ಧತಿ ಎಂದು ಸಾರಿತು. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ರೂಪಿಸಿದ ಈ ಪುಸ್ತಕಕ್ಕೆ ಪಾರ್ಲಿಮೆಂಟಿನ ಏಕರೂಪತಾ ಕಾಯ್ದೆಯ ಬೆಂಬಲವಿತ್ತು. ಅದೇ ಬೇಸಿಗೆಯಲ್ಲಿ ಡೆವನ್ ಮತ್ತು ಕಾರ್ನ್‌ವಾಲ್‌ನ ಜನ ದಂಗೆ ಎದ್ದು ಎಕ್ಸಿಟರ್ ನಗರವನ್ನು ಮುತ್ತಿದರು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯದು ಎಂಬುದು ಕಾರ್ನ್‌ವಾಲಿನವರ ದೂರುಗಳಲ್ಲೊಂದು. ಲ್ಯಾಟಿನ್‌ನಿಂದ ಜನಭಾಷೆಗೆ ತಂದೆವೆಂದು ಹೆಮ್ಮೆಪಟ್ಟವರಿಗೆ ಜನಭಾಷೆಗಳು ಹಲವು ಎಂಬುದು ಹೊಳೆದಿರಲಿಲ್ಲ. ಮುಂದೆ ಎಲಿಜಬೆತ್ ರಾಣಿಯ ಕಾಲದಲ್ಲಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗಾಗಿ 1560ರಲ್ಲಿ ಲ್ಯಾಟಿನ್ ಆವೃತ್ತಿಯೂ 1567ರಲ್ಲಿ ವೆಲ್ಶ್ ಭಾಷೆಯ ಪ್ರಾರ್ಥನಾ ಪುಸ್ತಕವೂ ಬಂದವು. ಕಾರ್ನಿಷ್ ಭಾಷೆಗೆ ಆ ಭಾಗ್ಯ ಬರಲಿಲ್ಲ.

ಭಾಷೆಗಿಂತ ಸೂಕ್ಷ್ಮವಾದ ಸಂಗತಿ 1559ರ ಪುಸ್ತಕದಲ್ಲಿದೆ. ಪ್ರಭುಭೋಜನದಲ್ಲಿ ರೊಟ್ಟಿಯನ್ನು ಕೈಗಿಡುವಾಗ ಪಾದ್ರಿ ಹೇಳಬೇಕಾದ ಮಾತು 1549ರಲ್ಲಿ ಕ್ರಿಸ್ತನ ದೇಹವನ್ನೇ ನೇರವಾಗಿ ಹೆಸರಿಸುತ್ತಿತ್ತು. 1552ರ ಪರಿಷ್ಕರಣೆ ಅದನ್ನು ತೆಗೆದು, ಕ್ರಿಸ್ತನ ಮರಣದ ನೆನಪಿಗಾಗಿ ತಿನ್ನು ಎಂಬರ್ಥದ ಮಾತನ್ನು ಇಟ್ಟಿತು. ಒಂದರ ಹಿಂದೆ ಕ್ರಿಸ್ತ ಅಲ್ಲಿ ನಿಜವಾಗಿಯೂ ಸನ್ನಿಹಿತ ಎಂಬ ನಂಬಿಕೆ, ಇನ್ನೊಂದರ ಹಿಂದೆ ಇದು ಸ್ಮರಣೆ ಎಂಬ ನಂಬಿಕೆ. 1559ರವರು ಎರಡು ವಾಕ್ಯಗಳನ್ನೂ ಒಂದರ ಪಕ್ಕ ಒಂದು ಜೋಡಿಸಿದರು. ಒಂದೇ ಕಟಕಟೆಯ ಮುಂದೆ ಮೊಣಕಾಲೂರಿದ ಇಬ್ಬರು ಒಂದೇ ಮಾತನ್ನು ಕೇಳಿ, ತಮ್ಮ ತಮ್ಮ ವಿಶ್ವಾಸದಂತೆ ಅದನ್ನು ಸ್ವೀಕರಿಸಬಹುದಿತ್ತು. ಇದನ್ನು ರಾಜಕೀಯ ಚಾಣಾಕ್ಷತೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಆಂಗ್ಲಿಕನ್ ಪರಂಪರೆಯ ಅತಿ ಶ್ರೇಷ್ಠ ಗುಣ ಈ ಎರಡು ವಾಕ್ಯಗಳ ಜೋಡಣೆಯಲ್ಲಿದೆ.

ಆ ಗುಣ ಎಲ್ಲ ಕಾಲದಲ್ಲೂ ಉಳಿಯಲಿಲ್ಲ. 1662ರ ಪರಿಷ್ಕೃತ ಪ್ರಾರ್ಥನಾ ಪುಸ್ತಕವನ್ನು ಪೂರ್ತಿಯಾಗಿ ಒಪ್ಪದ ಪಾದ್ರಿಗಳು ಆ ವರ್ಷದ ಆಗಸ್ಟ್ 24ರೊಳಗೆ ಸ್ಥಾನ ಬಿಡಬೇಕಾಯಿತು. 1660ರಿಂದ ಆವರೆಗೆ ಸ್ಥಾನ ಕಳೆದುಕೊಂಡವರು ಒಟ್ಟು ಸುಮಾರು 2000 ಮಂದಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಧಿಕಾರ ನ್ಯಾಯಾಲಯದ ಕೈಗೆ ಹೋಯಿತು. ಸಭೆಯ ಕ್ಯಾಥೊಲಿಕ್ ಪರಂಪರೆಯನ್ನು ಎತ್ತಿಹಿಡಿದ ಆಕ್ಸ್‌ಫರ್ಡ್ ಚಳವಳಿಯ ನಂತರ ಮೇಣದ ದೀಪ, ಧೂಪ, ವಿಶೇಷ ಉಡುಪುಗಳು ಮರಳಿ ಬಂದಾಗ ಅವನ್ನು ತಡೆಯಲು 1874ರಲ್ಲಿ ಸಾರ್ವಜನಿಕ ಆರಾಧನಾ ನಿಯಂತ್ರಣ ಕಾಯ್ದೆ ಬಂತು. ಈ ಬಗೆಯ ಮೊಕದ್ದಮೆಗಳಲ್ಲಿ ಐವರು ಪಾದ್ರಿಗಳು ಜೈಲು ಸೇರಿದರು. ಮ್ಯಾಂಚೆಸ್ಟರಿನ ಮೈಲ್ಸ್ ಪ್ಲ್ಯಾಟಿಂಗ್‌ನ ಸಿಡ್ನಿ ಗ್ರೀನ್ 1881ರಿಂದ 1882ರವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಲ್ಯಾಂಕಾಸ್ಟರ್ ಕೋಟೆಯಲ್ಲಿ ಬಂದಿಯಾಗಿದ್ದರು. ಧೂಪದ ವಿಷಯಕ್ಕೆ ಸೆರೆಮನೆಯೇ ಎಂದು ವಿರೋಧಿಗಳೂ ಮುಜುಗರಪಟ್ಟರು.

ಇಂಥದೇ ಆಚರಣೆಗಳಿಗಾಗಿ ಲಿಂಕನ್ನಿನ ಬಿಷಪ್ ಎಡ್ವರ್ಡ್ ಕಿಂಗ್ ಅವರ ಮೇಲೆ ನಡೆದ ಮೊಕದ್ದಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1890ರಲ್ಲಿ ತೀರ್ಪು ಕೊಟ್ಟವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬೆನ್ಸನ್. ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ತಪ್ಪಲ್ಲ, ಆದರೆ ಆರಾಧನೆಯ ನಡುವೆ ಬೆರೆಸುವಂತಿಲ್ಲ. ಪೂರ್ವಕ್ಕೆ ಮುಖಮಾಡಿ ನಿಲ್ಲಬಹುದು, ಆದರೆ ರೊಟ್ಟಿ ಮುರಿಯುವ ಕೈ ಜನರಿಗೆ ಕಾಣಬೇಕು. ಮೇಜಿನ ಮೇಲೆ ಎರಡು ದೀಪ ಉರಿಯಬಹುದು. ಪಾಪಕ್ಷಮೆಯನ್ನು ಸಾರುವಾಗ ಮತ್ತು ಆಶೀರ್ವದಿಸುವಾಗ ಶಿಲುಬೆಯ ಗುರುತು ಮಾಡಬಾರದು. ಈ ತೀರ್ಪಿನಲ್ಲಿ ಕಣ್ಣಿಗೆ ಬೀಳುವುದು ಆ ಎರಡನೆಯ ಅಂಶ. ಜನರಿಗೆ ಕಾಣಬೇಕು ಎಂಬ ಷರತ್ತಿನಲ್ಲಿ ಅಧಿಕೃತ ಕ್ರಮದ ಮೂಲ ಉದ್ದೇಶ ಅಡಗಿದೆ. ಕ್ರಮವಿರುವುದು ಪಾದ್ರಿಯನ್ನು ಕಟ್ಟಿಹಾಕುವುದಕ್ಕಿಂತ ಹೆಚ್ಚಾಗಿ ಬೆಂಚಿನಲ್ಲಿ ಕುಳಿತವರ ಹಕ್ಕನ್ನು ಕಾಯುವುದಕ್ಕೆ. ಕಿಂಗ್ ಈ ತೀರ್ಪಿಗೆ ತಲೆಬಾಗಿದರು.

ಇಪ್ಪತ್ತನೆಯ ಶತಮಾನದಲ್ಲಿ ಪರೀಕ್ಷೆಗೆ ಒಳಗಾದದ್ದು ಪಾರ್ಲಿಮೆಂಟು. ಸಭೆ ತಾನೇ ವರ್ಷಗಟ್ಟಲೆ ಶ್ರಮಿಸಿ ಪರಿಷ್ಕರಿಸಿದ ಪ್ರಾರ್ಥನಾ ಪುಸ್ತಕವನ್ನು ಹೌಸ್ ಆಫ್ ಕಾಮನ್ಸ್ 1927ರ ಡಿಸೆಂಬರಿನಲ್ಲಿ 238–205 ಮತಗಳಿಂದಲೂ ಮರುವರ್ಷ ಜೂನಿನಲ್ಲಿ 266–220 ಮತಗಳಿಂದಲೂ ತಿರಸ್ಕರಿಸಿತು. ಪವಿತ್ರೀಕರಿಸಿದ ರೊಟ್ಟಿಯನ್ನು ರೋಗಿಗಳಿಗಾಗಿ ತೆಗೆದಿಡುವುದು ರೋಮಿನ ಹಾದಿ ಎಂಬ ಭಯ ಅದರ ಹಿಂದಿತ್ತು. ಪುಸ್ತಕ ಮಾತ್ರ ಮುದ್ರಣಗೊಂಡು, ಕಾನೂನಿನ ಬಲವಿಲ್ಲದೆಯೇ ಬಿಷಪ್ಪರ ಸಮ್ಮತಿಯಿಂದ ಬಳಕೆಗೆ ಬಂತು.

1965ರ ಶಾಸನ ಹೊಸ ಆರಾಧನಾಕ್ರಮಗಳ ಪ್ರಯೋಗಕ್ಕೆ ಬಾಗಿಲು ತೆರೆದರೆ, 1974ರ ಆರಾಧನೆ ಮತ್ತು ಸಿದ್ಧಾಂತದ ಶಾಸನ ಅಧಿಕಾರವನ್ನು ಸಭೆಯ ಜನರಲ್ ಸಿನೊಡ್‌ಗೆ ಒಪ್ಪಿಸಿತು. 1662ರ ಪುಸ್ತಕ ಬಳಕೆಗೆ ಲಭ್ಯವಿರಲೇಬೇಕು ಎಂಬ ಖಾತರಿಯೂ ಅದರಲ್ಲಿತ್ತು. ಸಭೆಯ ನಿಯಮಾವಳಿಯ ಕ್ಯಾನನ್ ಬಿ 2ರ ಪ್ರಕಾರ ಹೊಸ ಕ್ರಮಕ್ಕೆ ಬಿಷಪ್ಪರ, ಪಾದ್ರಿಗಳ, ಸಾಮಾನ್ಯ ವಿಶ್ವಾಸಿಗಳ ಮೂರೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಕ್ಯಾನನ್ ಬಿ 3ರ ಪ್ರಕಾರ, ಒಪ್ಪಿಗೆ ಪಡೆದ ಕ್ರಮಗಳಲ್ಲಿ ಯಾವುದನ್ನು ಬಳಸಬೇಕೆಂದು ಪಾದ್ರಿಯೂ ಪ್ಯಾರಿಷ್ ಮಂಡಳಿಯೂ ಕೂಡಿ ತೀರ್ಮಾನಿಸಬೇಕು. ಮಹತ್ವವಲ್ಲದ ಬದಲಾವಣೆಗಳನ್ನು ಪಾದ್ರಿಯ ವಿವೇಚನೆಗೆ ಬಿಟ್ಟಿರುವುದು ಬಿ 5. ಈ ಚೌಕಟ್ಟಿನೊಳಗೆ 1980ರ ಪರ್ಯಾಯ ಸೇವಾ ಪುಸ್ತಕ, ಬಳಿಕ 2000ದಿಂದ ‘ಕಾಮನ್ ವರ್ಷಿಪ್’ ಬಂದವು. ಅದರ ಪ್ರಭುಭೋಜನದ ಮೊದಲ ಕ್ರಮದಲ್ಲಿ ಎಂಟು ಬಗೆಯ ಸ್ತೋತ್ರಪ್ರಾರ್ಥನೆಗಳಿವೆ. 1993ರಲ್ಲಿ ಒಪ್ಪಿಗೆ ಪಡೆದ ‘ವಾಕ್ಯದ ಸೇವೆ’ ಪಠ್ಯಕ್ಕಿಂತ ಹೆಚ್ಚಾಗಿ ಹಂದರವನ್ನೇ ಕೊಡುತ್ತದೆ. ಇಷ್ಟಿದ್ದರೂ ಕೆಲವು ಆಂಗ್ಲೋ-ಕ್ಯಾಥೊಲಿಕ್ ಪ್ಯಾರಿಷ್‌ಗಳು ರೋಮಿನ ಮಿಸ್ಸಲನ್ನು ಬಳಸುತ್ತವೆ, ಕೆಲವು ಸುವಾರ್ತಾಪರ ಪ್ಯಾರಿಷ್‌ಗಳಲ್ಲಿ ಲಿಖಿತ ಕ್ರಮವೇ ಕಾಣುವುದಿಲ್ಲ. ಎರಡು ತುದಿಯಲ್ಲೂ ನಷ್ಟ ಒಂದೇ: ಭಾನುವಾರ ಏನು ನಡೆಯುತ್ತದೆಂಬುದು ಒಬ್ಬ ಪಾದ್ರಿಯ ಅಭಿರುಚಿಗೆ ಬಿಟ್ಟ ವಿಷಯವಾಗಿಬಿಡುತ್ತದೆ.

ಸಲಿಂಗ ಜೋಡಿಗಳಿಗಾಗಿ ಸಿದ್ಧವಾದ ‘ಪ್ರೀತಿ ಮತ್ತು ವಿಶ್ವಾಸದ ಪ್ರಾರ್ಥನೆಗಳು’ ಕೂಡ ಇದೇ ಪ್ರಶ್ನೆಯನ್ನು ಎಬ್ಬಿಸಿವೆ. ನಿತ್ಯದ ಆರಾಧನೆಯೊಳಗೆ ಬಳಸಲು 2023ರ ಡಿಸೆಂಬರಿನಲ್ಲಿ ಬಿಷಪ್ಪರು ಇವನ್ನು ಶಿಫಾರಸು ಮಾಡಿದರು. ಶಿಫಾರಸು ಎಂದರೆ ಸಿನೊಡ್‌ನ ಅಧಿಕೃತ ಒಪ್ಪಿಗೆಯಲ್ಲ. ಪ್ರತ್ಯೇಕ ಸೇವೆಗಳಿಗೆ ಮೂರನೇ ಎರಡರ ಮತ ಬೇಕೇ ಎಂಬಲ್ಲಿ ವಾದ ಬಿಸಿಯಾಯಿತು. ಕಾಯುತ್ತಿರುವ ಜೋಡಿಗಳಿಗೆ ಈ ವಿಳಂಬ ನೋವಿನದು, ಆ ನೋವನ್ನು ಹಗುರವಾಗಿ ಕಾಣುವಂತಿಲ್ಲ. ಹಾಗಿದ್ದೂ ಮೂರು ಸದನಗಳ ಮುಂದೆ ಹೋಗುವುದೇ ಸರಿಯಾದ ದಾರಿ ಎಂದು ನನ್ನ ನಿಲುವು. ಅಲ್ಲಿ ಗೆದ್ದ ಪ್ರಾರ್ಥನೆಯನ್ನು ಯಾರೂ ಕಳ್ಳದಾರಿಯಿಂದ ಬಂದದ್ದೆನ್ನಲಾರರು.

ಈ ಚರಿತ್ರೆಗೆ ನಮ್ಮ ಕಡೆಯ ಕೊಂಡಿಯೂ ಇದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ಆಂಗ್ಲಿಕನ್ನರು ಮೆಥಡಿಸ್ಟರೊಂದಿಗೂ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರೆಗೇಶನಲ್ ಪರಂಪರೆಯವರೊಂದಿಗೂ ಒಂದಾದರು. ಒಲ್ಲದ ಆರಾಧನಾಕ್ರಮವನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂದು ಆ ಐಕ್ಯ ಮಾತು ಕೊಟ್ಟಿತ್ತು. 1950ರಲ್ಲಿ ಅದು ರೂಪಿಸಿದ ಪ್ರಭುಭೋಜನದ ಕ್ರಮದಲ್ಲಿ ಸೇವಕ ಮೇಜಿನ ಹಿಂದೆ ಜನರತ್ತ ಮುಖಮಾಡಿ ನಿಂತ. ಸುರಿಯಾನಿ ಕ್ರೈಸ್ತರಿಂದ ಪಡೆದ ಶಾಂತಿಯ ವಂದನೆ ಕೈಯಿಂದ ಕೈಗೆ ಸಾಗಿತು. ಇಂಗ್ಲೆಂಡಿನದೂ ಸೇರಿದಂತೆ ಆಮೇಲಿನ ಆಂಗ್ಲಿಕನ್ ಪರಿಷ್ಕರಣೆಗಳ ಮೇಲೆ ಈ ಕ್ರಮದ ಪ್ರಭಾವವಿದೆ. ಅಧಿಕೃತ ಕ್ರಮ ಲಂಡನ್ನಿನಿಂದ ಇತ್ತ ಮಾತ್ರ ಹರಿಯಿತೆಂಬ ಭಾವನೆಯನ್ನು ಇದು ತಿದ್ದುತ್ತದೆ.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೀಡ್ರಲ್‌ನಂಥ ಹಳೆಯ ಆಂಗ್ಲಿಕನ್ ದೇವಾಲಯಗಳಲ್ಲಿ, ವೆಸ್ಲಿಯನ್ ಮತ್ತು ಲಂಡನ್ ಮಿಷನ್ನಿನ ಕನ್ನಡ ಸಭೆಗಳಲ್ಲಿ ಬಳಕೆಯಲ್ಲಿದ್ದ ಆರಾಧನಾ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದುವ ಕೆಲಸ ಆಗಬೇಕಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮತ್ತು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರಗಳು ಅದಕ್ಕೆ ಒಳ್ಳೆಯ ಆರಂಭಸ್ಥಾನ. ಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ಪ್ರಾರ್ಥನಾ ಪುಸ್ತಕಗಳಿದ್ದವರು ಅಂಚಿನಲ್ಲಿ ಹಿರಿಯರು ಬರೆದ ಗುರುತುಗಳ ಸಮೇತ ಅವನ್ನು ಈ ಪತ್ರಾಗಾರಗಳ ಗಮನಕ್ಕೆ ತರಬೇಕೆಂದು ಕೋರುತ್ತೇನೆ.